ಇನ್ನು ಸಾಕು ಎಂದವರನ್ನು ಎಬ್ಬಿಸಿದ ಕ್ಲಾರಿನೆಟ್



ಕ್ಲಾರಿನೆಟ್ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ನನಗಂತೂ ಊರಿನ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್. ಹಿಂದೂಸ್ತಾನಿ ಕೇಳುವವರಿಗೆ ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿಯವರ ಹೆಸರು ಹೊಳೆಯಬಹುದು. ಅದೇ ಕಪ್ಪು ವಾದ್ಯ ಪಿಯಾನೋ ಪಕ್ಕದಲ್ಲಿ ನಿಂತು ಮೆಲುದನಿಯಲ್ಲಿ ಮಾತಾಡುವುದನ್ನು ಕೇಳಿದ್ದೀರಾ? ಜರ್ಮನಿಯ ಯೋಹಾನೆಸ್ ಬ್ರಾಮ್ಸ್ 1894ರಲ್ಲಿ ಈ ಎರಡು ವಾದ್ಯಗಳಿಗಾಗಿ ಎರಡು ಸೊನಾಟಾಗಳನ್ನು ಬರೆದರು. ಅವುಗಳಲ್ಲಿ ಮೊದಲನೆಯದು, ಎಫ್ ಮೈನರ್ ಸೊನಾಟಾ, ಇವತ್ತಿನ ವಿಷಯ.

ಇದು ಹುಟ್ಟಬೇಕಾದ ಕೃತಿಯೇ ಅಲ್ಲ! 1890ರಲ್ಲಿ, 57ನೇ ವಯಸ್ಸಿನಲ್ಲಿ, ಬ್ರಾಮ್ಸ್ ತಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದರು. ಮರುವರ್ಷ ಉಯಿಲನ್ನೂ ಬರೆದಿಟ್ಟರು. ಆದರೆ ಅದೇ 1891ರಲ್ಲಿ ಮೈನಿಂಗೆನ್ ಎಂಬ ಪುಟ್ಟ ಸಂಸ್ಥಾನದ ಆಸ್ಥಾನ ವಾದ್ಯವೃಂದದಲ್ಲಿ ರಿಚರ್ಡ್ ಮ್ಯೂಲ್‌ಫೆಲ್ಡ್ ಅವರ ಕ್ಲಾರಿನೆಟ್ ಅವರ ಮನಸ್ಸನ್ನು ಹಿಡಿದುಬಿಟ್ಟಿತು. ಮ್ಯೂಲ್‌ಫೆಲ್ಡ್ ಆ ವೃಂದಕ್ಕೆ ಸೇರಿದ್ದು ಪಿಟೀಲು ವಾದಕರಾಗಿ. ಕ್ಲಾರಿನೆಟ್ ಅವರು ತಾವಾಗಿಯೇ ಕಲಿತದ್ದು. ಆ ನಾದ ಕೇಳಿದ ಬ್ರಾಮ್ಸ್ ಮತ್ತೆ ಲೇಖನಿ ಹಿಡಿದರು. ಆ ಬೇಸಿಗೆಯಲ್ಲೇ ಕ್ಲಾರಿನೆಟ್ ಇರುವ ಎರಡು ಕೃತಿಗಳು ಬಂದವು. ಮೂರು ವರ್ಷದ ಮೇಲೆ ಬಂದವು ಈ ಸೊನಾಟಾಗಳು.

ಅಷ್ಟು ಮೋಡಿ ಮಾಡುವಂಥದ್ದು ಈ ವಾದ್ಯದಲ್ಲಿ ಏನಿದೆ? ಕೊಳಲನ್ನು ಜೋರಾಗಿ ಊದಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ, ಅಲ್ಲವೇ? ಕ್ಲಾರಿನೆಟ್ ಹಾಗಲ್ಲ. ಮಂದ್ರದ 'ಸ' ಹಿಡಿದ ಬೆರಳುಗಳನ್ನು ಹಾಗೇ ಇಟ್ಟು, ಹಿಂಬದಿಯ ಕೀಲಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಮಧ್ಯ ಸ್ಥಾಯಿಯ 'ಪ' ನುಡಿಯುತ್ತದೆ! ಉದ್ದಕ್ಕೂ ಒಂದೇ ಅಗಲದ ಕೊಳವೆ, ಒಂದು ತುದಿಯನ್ನು ಮುಚ್ಚಿದಂತೆ ಕೂತ ರೀಡು, ಇದೇ ಅದಕ್ಕೆ ಕಾರಣ. ಹೀಗಾಗಿ ಒಂದೇ ವಾದ್ಯಕ್ಕೆ ಎರಡು ಕಂಠ. ಕೆಳಗೆ ಗಾಢ, ಮೇಲೆ ತಿಳಿ. ಬ್ರಾಮ್ಸ್ ಈ ಎರಡನ್ನೂ ಮನಸಾರೆ ಬಳಸಿದ್ದಾರೆ.

ಕೇಳುವಾಗ ಹೀಗೆ ಗಮನಿಸಿ. ಮೊದಲು ಪಿಯಾನೋ ಒಂದೇ ಎಳೆಯಲ್ಲಿ, ಒಂಟಿಯಾಗಿ ಮಾತು ತೆಗೆಯುತ್ತದೆ. ಆಮೇಲೆ ಕ್ಲಾರಿನೆಟ್ ಸೇರುತ್ತದೆ. ಎರಡನೇ ಭಾಗ ನಿಧಾನ. ಅಲ್ಲಿ ಅವಸರ ಬೇಡ. ಮೂರನೆಯದರಲ್ಲಿ ಹಳ್ಳಿಯ ಕುಣಿತದ ತೂಗಾಟವಿದೆ. ನಾಲ್ಕನೆಯದರಲ್ಲಿ ಒಂದೇ ಸ್ವರ ಮೂರು ಸಲ, ಗಂಟೆ ಬಾರಿಸಿದಂತೆ! ಅಷ್ಟು ಹೊತ್ತಿಗೆ ಮೈನರ್‌ನ ಮಬ್ಬು ಕಳೆದು ಮೇಜರ್‌ನ ಬೆಳಕು ಬಂದಿರುತ್ತದೆ. ಸುಮಾರು 22 ನಿಮಿಷ, ಅಷ್ಟೆ. ಪಿಯಾನೋ ಇಲ್ಲಿ ಬರೀ ಪಕ್ಕವಾದ್ಯವಲ್ಲ, ಸರಿಸಮ ಜೊತೆಗಾರ.

1895ರ ಜನವರಿಯಲ್ಲಿ ವಿಯೆನ್ನಾದಲ್ಲಿ ಸಾರ್ವಜನಿಕರ ಎದುರು ಇದು ನುಡಿದಾಗ ಕ್ಲಾರಿನೆಟ್ ಮ್ಯೂಲ್‌ಫೆಲ್ಡ್ ಅವರದು, ಪಿಯಾನೋ ಸ್ವತಃ ಬ್ರಾಮ್ಸ್ ಅವರದು. 1897ರ ಏಪ್ರಿಲ್ 3ರಂದು ಬ್ರಾಮ್ಸ್ ತೀರಿಕೊಂಡರು. ಚೇಂಬರ್ ಸಂಗೀತದಲ್ಲಿ ಈ ಎರಡು ಸೊನಾಟಾಗಳೇ ಅವರ ಕೊನೆಯ ಕೃತಿಗಳಾದವು.

ಕನ್ನಡ ಬಿ.ಎ. ಓದಿದ ನನಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನಮ್ಮದಲ್ಲ ಎಂಬ ಅಳುಕು ಬಹಳ ದಿನ ಇತ್ತು. ರಾತ್ರಿ ಡ್ಯೂಟಿಯಲ್ಲಿ ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಇದರ ಎರಡನೇ ಭಾಗ ಕೇಳಿದೆ. ಅಳುಕು ಹೋಯಿತು. ಇದನ್ನು ಕೇಳಲು ಸ್ವರಲಿಪಿ ಓದಲು ಬರಬೇಕಿಲ್ಲ. ಎಲ್ಲ ಮುಗಿಯಿತು ಎಂದು ಕೂತವರೊಬ್ಬರು ಇನ್ನೊಬ್ಬರ ಉಸಿರಿಗೆ ಓಗೊಟ್ಟು ಎದ್ದು ಬಂದರು ಎಂಬುದು ನೆನಪಿದ್ದರೆ ಸಾಕು.

ಆಫೀಸು, ಲೋಕಲ್ ಟ್ರೇನು, ಟ್ರಾಫಿಕ್ಕು ಎಲ್ಲ ಮುಗಿಸಿ ಬಂದ ಒಂದು ರಾತ್ರಿ ದೀಪ ಆರಿಸಿ ಕೇಳಿ. ಹೇಗನಿಸಿತು, ನಮಗೊಂದು ಸಾಲು ಬರೆಯಿರಿ.