ಗುಂಡಿಗೆ ಸುತ್ತುವ ಬಟ್ಟೆ

ನಳಿಗೆಯ ಬಾಯಿಯಿಂದ ತುಂಬುವ ಹಳೆಯ ರೈಫಲ್‌ನಲ್ಲಿ ಸೀಸದ ಗುಂಡು ನಳಿಗೆಯ ಗೋಡೆಗೆ ನೇರವಾಗಿ ತಾಗುವುದಿಲ್ಲ. ಗುಂಡಿಗೂ ಗೋಡೆಗೂ ನಡುವೆ ಒಂದು ಬಟ್ಟೆಯ ಬಿಲ್ಲೆ ಇರುತ್ತದೆ. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ತೋಡುಗಳನ್ನು ಹಿಡಿದು ಗುಂಡನ್ನು ತಿರುಗಿಸುವುದು ಆ ಬಟ್ಟೆ. ಹಿಂದಿನಿಂದ ನುಗ್ಗುವ ಬಿಸಿ ಅನಿಲ ಪಕ್ಕದಿಂದ ನುಸುಳದಂತೆ ತಡೆಯುವುದೂ ಅದೇ. ಗುರಿ ತಪ್ಪತೊಡಗಿದಾಗ ಹೆಚ್ಚಿನವರು ಮೊದಲು ಮದ್ದಿನ ಅಳತೆ ಬದಲಿಸುತ್ತಾರೆ, ಆಮೇಲೆ ಗುರಿಕಣ್ಣನ್ನು ಸರಿಸುತ್ತಾರೆ. ಮೊದಲು ನೋಡಬೇಕಾದದ್ದು ಬಟ್ಟೆಯನ್ನು ಮತ್ತು ಅದಕ್ಕೆ ಸವರಿದ ಜಿಡ್ಡನ್ನು.

ಈ ಪದ್ಧತಿ ಬೆಳೆದದ್ದು ಜರ್ಮನ್ ನಾಡುಗಳ ಬೇಟೆಗಾರರ ಯೇಗರ್ ರೈಫಲ್‌ಗಳ ಜೊತೆ. ಅಲ್ಲಿಂದ ವಲಸೆ ಹೋದ ಕೋವಿ ಕಸುಬಿನವರು 18ನೇ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಉದ್ದ ನಳಿಗೆಯ, ಸಣ್ಣ ಗುಂಡಿನ ರೈಫಲ್‌ಗಳನ್ನು ಮಾಡತೊಡಗಿದರು. ಹೆಗಲಿಗೆ ಕೊಡುವ ಮರದ ಭಾಗದಲ್ಲಿ ಹಿತ್ತಾಳೆಯ ಮುಚ್ಚಳವಿರುವ ಪುಟ್ಟ ಗೂಡೊಂದನ್ನು ಕೊರೆಯುತ್ತಿದ್ದರು. ಬಟ್ಟೆಯ ಬಿಲ್ಲೆಗಳನ್ನಿಡುವ ಆ ಗೂಡಿಗೆ ಪ್ಯಾಚ್ ಬಾಕ್ಸ್ ಎಂದು ಹೆಸರು. ಬ್ರಿಟಿಷ್ ಸೇನೆ 1800ರಲ್ಲಿ ಒಪ್ಪಿಕೊಂಡ ಬೇಕರ್ ರೈಫಲ್‌ನಲ್ಲೂ ಅಂಥದೇ ಗೂಡಿತ್ತು. ಅದರ 30 ಇಂಚಿನ ನಳಿಗೆಯೊಳಗೆ 7 ತೋಡುಗಳು ಕಾಲು ಸುತ್ತು ತಿರುಗುತ್ತಿದ್ದವು. ಗುಂಡು ಎಷ್ಟು ಬಿಗಿಯಾಗಿ ಇಳಿಯುತ್ತಿತ್ತೆಂದರೆ ಆರಂಭದಲ್ಲಿ ಸೈನಿಕರಿಗೆ ಅದನ್ನು ಬಡಿಯಲು ಮರದ ಸಣ್ಣ ಕೊಡತಿಗಳನ್ನೂ ಕೊಟ್ಟಿದ್ದರು. ಅದೇ ಕಾಲದ ಬ್ರೌನ್ ಬೆಸ್ ಕೋವಿಯನ್ನು ಪಕ್ಕದಲ್ಲಿಟ್ಟು ನೋಡಿ: 0.75 ಇಂಚಿನ ನುಣುಪಾದ ನಳಿಗೆ, ಸುಮಾರು 0.69 ಇಂಚಿನ ಗುಂಡು. ತುಂಬುವುದು ಸಲೀಸು, ಆದರೆ ಗುಂಡು ಗೋಡೆಯಿಂದ ಗೋಡೆಗೆ ತಾಗುತ್ತಾ ಹೊರಬೀಳುತ್ತಿದ್ದರಿಂದ ದೂರದ ಗುರಿ ದೈವಾಧೀನ.

ರೈಫಲ್‌ನ ಲೆಕ್ಕ ತೀರಾ ಸೂಕ್ಷ್ಮವಾದದ್ದು. ಇಂಚಿನ ಸಾವಿರದ ಒಂದು ಭಾಗವನ್ನು ಲೇತ್ ಕೆಲಸದವರು ಥೌ ಎನ್ನುತ್ತಾರಲ್ಲ, ಇಲ್ಲಿ ಎಲ್ಲವೂ ಆ ಅಳತೆಯಲ್ಲೇ ನಡೆಯಬೇಕು. ಇಂದು ಹೆಚ್ಚು ಬಳಕೆಯಲ್ಲಿರುವ 50 ಕ್ಯಾಲಿಬರ್ ನಳಿಗೆಯನ್ನೇ ತೆಗೆದುಕೊಳ್ಳೋಣ. ತೋಡು ತೋಡುಗಳ ನಡುವೆ ಉಬ್ಬಿ ನಿಂತ ಭಾಗವೇ ದಿಂಡು; ಎದುರುಬದುರಿನ ದಿಂಡುಗಳ ನಡುವೆ 0.500 ಇಂಚು. ಅದಕ್ಕೆ ಹಾಕುವ ಗುಂಡು 0.490. ಎಂದರೆ ದಿಂಡಿನ ಬಳಿ ಗುಂಡಿನ ಒಂದೊಂದು ಪಕ್ಕಕ್ಕೂ ಉಳಿಯುವ ಜಾಗ 5 ಥೌ. ತೋಡಿನ ಆಳ 10 ಥೌ ಇದ್ದರೆ ಅಲ್ಲಿ ಜಾಗ 15 ಥೌ. ಈಗ 15ರಿಂದ 18 ಥೌ ದಪ್ಪದ ಬಟ್ಟೆ ಸುತ್ತಿ ಒತ್ತಿದರೆ ಏನಾಗುತ್ತದೆ? ತೋಡಿನಲ್ಲಿ ಅದು ಸರಿಯಾಗಿ ತುಂಬಿಕೊಳ್ಳುತ್ತದೆ. ದಿಂಡಿನ ಮೇಲೆ ಮೂರನೇ ಒಂದು ಭಾಗಕ್ಕೆ ಹಿಂಡಿಹೋಗುತ್ತದೆ, ಹಿಂಡಿದ ನೇಯ್ಗೆಯ ಗುರುತು ಮೆತುವಾದ ಸೀಸದ ಮೇಲೂ ಮೂಡುತ್ತದೆ. ಹಾಗೆ ಗುಂಡು, ಬಟ್ಟೆ, ನಳಿಗೆ ಮೂರೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. 10 ಥೌ ಬಟ್ಟೆ ಹಾಕಿದರೆ ದಿಂಡಿನ ಮೇಲೆ ಕೂರುತ್ತದೆ, ತೋಡಿನಲ್ಲಿ ಸಂದು ಉಳಿಯುತ್ತದೆ. ಬೆಂಕಿ ಹೊರಡುವುದು ಆ ಸಂದಿನಿಂದಲೇ. ಬಿಗಿಯಾಗಲಿ ಎಂದು 0.495ರ ಗುಂಡು ಬಳಸುವವರೂ ಇದ್ದಾರೆ. ಅವರು ಬಟ್ಟೆಯ ದಪ್ಪವನ್ನು ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಬೇಕು.

ಬಟ್ಟೆ ಅಪ್ಪಟ ಹತ್ತಿಯದು ಅಥವಾ ಲಿನನ್‌ನದು ಆಗಿರಬೇಕು. ಇದರಲ್ಲಿ ರಾಜಿ ಬೇಡ. ಪಾಲಿಯೆಸ್ಟರ್ ಬೆರೆತಿದ್ದರೆ ಅದು ಬಿಸಿಗೆ ಕರಗಿ ನಳಿಗೆಗೆ ಅಂಟಿಕೊಳ್ಳುತ್ತದೆ. ಅಂಗಡಿಯವರ ಮಾತನ್ನು ನಂಬುವ ಬದಲು ಅಂಚಿನಿಂದ ನಾಲ್ಕು ಎಳೆ ಕಿತ್ತು ಕಡ್ಡಿ ಗೀರಿ ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಕರಿಮಣಿಯಾಗುತ್ತದೆ. ನೇಯ್ಗೆ ಒತ್ತಾಗಿರಲಿ. ಹಾಸಿಗೆ ದಿಂಬುಗಳಿಗೆ ಹೊಲಿಯುವ ಪಟ್ಟೆಪಟ್ಟೆಯ ಟಿಕಿಂಗ್ ಬಟ್ಟೆಯನ್ನು ಅಮೆರಿಕದ ಗುರಿಕಾರರು ಇಂದಿಗೂ ಬಿಟ್ಟಿಲ್ಲ. ಹತ್ತಿಯ ಎಳೆ ಹೊರಬಾರದಂತೆ ನೇಯ್ದ ಬಟ್ಟೆ ಅದು, ಆದ್ದರಿಂದ ಅನಿಲವೂ ಅದರಲ್ಲಿ ಸುಲಭವಾಗಿ ದಾರಿ ಮಾಡಿಕೊಳ್ಳಲಾರದು. ಹಳೆಯ ಟೀ ಶರ್ಟು, ಬನಿಯನ್ನು ಬೇಡ. ಹೆಣೆದ ಬಟ್ಟೆ ಎಳೆದಂತೆ ಹಿಗ್ಗುತ್ತದೆ, ಅದರ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಅದು ನಳಿಗೆ ಒರೆಸುವ ಕೆಲಸಕ್ಕೆ ಸರಿ.

ಹೊಸ ಬಟ್ಟೆಗೆ ಗಂಜಿ ಇರುತ್ತದೆ. ಅದು ಜಿಡ್ಡನ್ನು ಹೀರಿಕೊಳ್ಳಲು ಬಿಡುವುದಿಲ್ಲ, ಬಟ್ಟೆಯನ್ನು ಬಿರುಸಾಗಿಸುತ್ತದೆ. ಬಿಸಿ ನೀರಿನಲ್ಲಿ ಎರಡು ಸಲವಾದರೂ ಒಗೆದು, ಚೆನ್ನಾಗಿ ಜಾಲಾಡಿ, ಒಣಗಿಸಿ ಇಸ್ತ್ರಿ ಮಾಡಬೇಕು. ಬಟ್ಟೆ ಮೆದುವಾಗಲೆಂದು ಹಾಕುವ ಕಂಫರ್ಟ್‌ನಂಥ ದ್ರವಗಳನ್ನು ಹಾಕಬಾರದು. ಒಗೆದರೆ ಬಟ್ಟೆ ಕುಗ್ಗುತ್ತದೆ, ಕುಗ್ಗಿದರೆ ದಪ್ಪವಾಗುತ್ತದೆ. ಅಂಗಡಿಯಲ್ಲೇ ಅಳೆದು ತಂದವರಿಗೆ ಲೆಕ್ಕ ತಪ್ಪುವುದು ಇಲ್ಲೇ. ಒಗೆದ ಮೇಲೆ ಮೈಕ್ರೋಮೀಟರಿನಲ್ಲಿ, ಪ್ರತಿ ಸಲವೂ ಒಂದೇ ಬಿಗಿಯಲ್ಲಿ ಒತ್ತಿ ಅಳೆಯಿರಿ. ಸಡಿಲವಾಗಿ ಹಿಡಿದಾಗ 18 ತೋರಿಸುವ ಬಟ್ಟೆ ಒತ್ತಿ ಹಿಡಿದಾಗ 15 ತೋರಿಸಬಹುದು.

ಕತ್ತರಿಸುವುದಕ್ಕೆ ಎರಡು ದಾರಿಗಳಿವೆ. ಮೊದಲೇ ಬಿಲ್ಲೆಗಳನ್ನು ಕೊಯ್ದಿಡುವುದು ಒಂದು. 50 ಕ್ಯಾಲಿಬರಿಗೆ ಒಂದೂಕಾಲು ಇಂಚಿನ ಅಗಲ ಸಾಕು. ಇನ್ನೊಂದು ಹಳೆಯ ಪದ್ಧತಿ. ಉದ್ದ ಪಟ್ಟಿಯ ತುದಿಯನ್ನು ನಳಿಗೆಯ ಬಾಯಿಯ ಮೇಲೆ ಹಾಸಿ, ಗುಂಡನ್ನಿಟ್ಟು, ಮೋಟು ಕೋಲಿನಿಂದ ಬಾಯಿಯ ಮಟ್ಟಕ್ಕೆ ಒತ್ತಿ, ಮೇಲೆ ಉಳಿದ ಬಟ್ಟೆಯನ್ನು ಒಟ್ಟುಗೂಡಿಸಿ ಹಿಡಿದು ಹರಿತವಾದ ಚಾಕುವಿನಿಂದ ಒಂದೇ ಎಳೆತಕ್ಕೆ ಕೊಯ್ಯುವುದು. ನನ್ನ ಮೆಚ್ಚುಗೆ ಈ ಎರಡನೆಯದಕ್ಕೇ. ಗುಂಡು ತಾನಾಗಿ ಬಟ್ಟೆಯ ನಟ್ಟನಡುವೆ ಕೂರುತ್ತದೆ, ಬೇರೆ ಅಳತೆ ಬೇಕಿಲ್ಲ. ಗುಂಡಿನ ಮೇಲೆ ಸೀಸ ಎರೆದ ಅಚ್ಚಿನ ತೊಟ್ಟು ಉಳಿದಿದ್ದರೆ ಅದು ಮೇಲ್ಮುಖವಾಗಿ, ನಡುವಿಗೆ ಬರುವಂತೆ ಇಡಬೇಕು. ಪಕ್ಕಕ್ಕೆ ವಾಲಿದರೆ ಗುಂಡು ತೂಗಾಡುತ್ತಾ ಹೋಗುತ್ತದೆ.

ಇನ್ನು ಜಿಡ್ಡು. ಇದು ಯಾಕೆ ಬೇಕು ಎಂದು ತಿಳಿಯಬೇಕಾದರೆ ಮದ್ದು ಹೇಗೆ ಉರಿಯುತ್ತದೆ ಎಂದು ತಿಳಿದಿರಬೇಕು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದಿಲ್ಲ, ಪೊಟ್ಯಾಸಿಯಂನ ಕಾರ್ಬೊನೇಟ್, ಸಲ್ಫೇಟ್ ಮುಂತಾದ ಘನ ವಸ್ತುಗಳಾಗುತ್ತದೆ. ಒಂದಿಷ್ಟು ದಟ್ಟ ಬಿಳಿ ಹೊಗೆಯಾಗಿ ಹೊರಬೀಳುತ್ತದೆ, ಉಳಿದದ್ದು ನಳಿಗೆಯ ಗೋಡೆಗೆ ಕಿಟ್ಟವಾಗಿ ಹತ್ತುತ್ತದೆ. ಒಣ ಹವೆಯಲ್ಲಿ ಈ ಕಿಟ್ಟ ಗಟ್ಟಿ ಹಕ್ಕಳೆ. ನಾಲ್ಕೈದು ಗುಂಡು ಹೊಡೆಯುವಷ್ಟರಲ್ಲಿ ಮುಂದಿನ ಗುಂಡು ಅರ್ಧಕ್ಕೇ ನಿಲ್ಲುತ್ತದೆ. ಆದರೆ ಕಿಟ್ಟದ ಬಹುಭಾಗ ನೀರಿನಲ್ಲಿ ಕರಗುವಂಥದು, ತೇವ ಸಿಕ್ಕರೆ ಮೆದುವಾಗುವಂಥದು. ಬಟ್ಟೆಗೆ ಸವರುವ ಜಿಡ್ಡು ಗುಂಡು ಜಾರಿ ಇಳಿಯಲು, ಬಟ್ಟೆ ಸುಡದಿರಲು ನೆರವಾಗುವುದರ ಜೊತೆಗೆ ಹಿಂದಿನ ಹೊಡೆತದ ಕಿಟ್ಟವನ್ನು ಮೆದು ಮಾಡಿ ತಳಕ್ಕೆ ತಳ್ಳಿಕೊಂಡೂ ಹೋಗಬೇಕು.

ಎಲ್ಲಕ್ಕಿಂತ ಹಳೆಯದು, ಕಾಸು ಖರ್ಚಿಲ್ಲದ್ದು ಉಗುಳು. ಬಿಲ್ಲೆಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ತುಂಬಿ ಕೂಡಲೇ ಹೊಡೆಯುವವರಿಗೆ ಇದು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಕಿಟ್ಟಕ್ಕೆ ಬೇಕಾದದ್ದೇ ನೀರು ತಾನೆ! ತುಂಬಿ ಗಂಟೆಗಟ್ಟಲೆ ಇಟ್ಟರೆ ಮಾತ್ರ ಕೆಟ್ಟಿತು: ಉಗುಳು ಆರಿ ಬಟ್ಟೆ ಬರಿದಾಗುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಸೀಸದ ಗುಂಡು ಮುಟ್ಟಿದ ಬೆರಳಲ್ಲಿ ಬಿಲ್ಲೆಯನ್ನು ಬಾಯಿಗಿಡುವುದೂ ಒಳ್ಳೆಯದಲ್ಲ. ಬಟ್ಟಲಲ್ಲಿ ನೀರಿಟ್ಟುಕೊಳ್ಳುವುದು ಲೇಸು.

ಹೆಚ್ಚು ಹೊತ್ತು ನಿಲ್ಲಬೇಕಾದ ಜಿಡ್ಡಿಗೆ ಪ್ರಾಣಿಗಳ ಕೊಬ್ಬು, ಜೇನುಮೇಣ, ಸಸ್ಯದ ಎಣ್ಣೆ ಇವುಗಳ ಬೆರಕೆ. ಅಮೆರಿಕದ ಕಾಡುಗಳಲ್ಲಿ ಕರಡಿಯ ಕೊಬ್ಬಿಗೆ ಬಹಳ ಬೇಡಿಕೆಯಿತ್ತು. ಇಂದು ಮನೆಯಲ್ಲಿ ಮಾಡಿಕೊಳ್ಳುವವರು ಒಂದು ಪಾಲು ಜೇನುಮೇಣಕ್ಕೆ ಮೂರು ನಾಲ್ಕು ಪಾಲು ಆಲಿವ್ ಎಣ್ಣೆ ಹಾಕುತ್ತಾರೆ. ಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಪಾತ್ರೆಯನ್ನು ನೇರ ಉರಿಯ ಮೇಲಿಡದೆ, ಕುದಿಯುವ ನೀರಿನ ಪಾತ್ರೆಯೊಳಗೆ ಕೂರಿಸಿ ಕರಗಿಸಬೇಕು. ಬೇಸಿಗೆಗೆ ಮೇಣ ತುಸು ಹೆಚ್ಚು, ಚಳಿಗೆ ಎಣ್ಣೆ ತುಸು ಹೆಚ್ಚು. ಉಪ್ಪು ಸೋಕಿದ ಕೊಬ್ಬು ಕೂಡದು, ಉಪ್ಪು ತುಕ್ಕಿಗೆ ದಾರಿ. ವಾಹನಗಳಿಗೆ ಹಾಕುವ ಗ್ರೀಸ್ ಕೂಡ ಕೂಡದು. ಅದು ಕರಿಮದ್ದಿನ ಕಿಟ್ಟದೊಡನೆ ಸೇರಿ ಡಾಂಬರಿನಂತೆ ಅಂಟಾಗುತ್ತದೆ, ತೊಳೆಯುವುದೇ ಒಂದು ಶಿಕ್ಷೆ.

ಪಂದ್ಯದ ಗುರಿಕಾರರು ಇನ್ನೊಂದು ವಿಧಾನವನ್ನು ನೆಚ್ಚುತ್ತಾರೆ. ಲೇತ್ ಯಂತ್ರಗಳಲ್ಲಿ ಬಳಸುವ, ನೀರಿನೊಡನೆ ಬೆರೆತು ಹಾಲಿನಂತಾಗುವ ಎಣ್ಣೆಯನ್ನು ಒಂದು ಪಾಲಿಗೆ ಆರೇಳು ಪಾಲು ನೀರು ಸೇರಿಸಿ, ಬಟ್ಟೆಯ ಪಟ್ಟಿಗಳನ್ನು ಅದರಲ್ಲಿ ನೆನೆಸಿ ಒಣಗಿಸುವುದು. ನೀರು ಆರಿ ಹೋಗುತ್ತದೆ, ಎಣ್ಣೆ ಎಳೆಎಳೆಯಲ್ಲೂ ಒಂದೇ ಸಮನಾಗಿ ಉಳಿಯುತ್ತದೆ. ಮುಟ್ಟಿದರೆ ಬಟ್ಟೆ ಒಣಗಿದಂತೆಯೇ ಇರುತ್ತದೆ. ನೀರಿನ ಪಾಲನ್ನು ಬದಲಿಸಿ ಜಿಡ್ಡನ್ನು ಬೇಕಾದಷ್ಟಕ್ಕೆ ತರಬಹುದು, ಒಮ್ಮೆ ಸರಿಹೊಂದಿದ್ದನ್ನು ಮುಂದಿನ ವರ್ಷವೂ ಹಾಗೇ ಮಾಡಬಹುದು. ಈ ವಿಧಾನದ ದೊಡ್ಡ ಗುಣ ಅದೇ. ಆದರೆ ಪಟ್ಟಿಗಳನ್ನು ಹಗ್ಗದ ಮೇಲೆ ನೇತುಹಾಕಬಾರದು. ಎಣ್ಣೆಯೆಲ್ಲ ಕೆಳಗಿನ ಅಂಚಿಗೆ ಇಳಿದು ಮೇಲಿನರ್ಧ ಬರಿದಾಗುತ್ತದೆ. ಸಮತಟ್ಟಾದ ಹಲಗೆಯ ಮೇಲೆ ಹರಡಿ ಒಣಗಿಸಬೇಕು. ಯಾವ ಜಿಡ್ಡಾದರೂ ಅತಿಯಾದರೆ ತಳದಲ್ಲಿರುವ ಮದ್ದಿಗೆ ಇಳಿದು ಅದನ್ನು ಕೆಡಿಸುತ್ತದೆ. ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಂಡಿದಾಗ ಬೆರಳು ಹೊಳೆಯಬೇಕು, ಹನಿ ಮಾತ್ರ ಬೀಳಬಾರದು.

ಕೋವಿಗೆ ಹಚ್ಚುವ ಜಿಡ್ಡು ನಮ್ಮ ದೇಶದ ಚರಿತ್ರೆಯಲ್ಲಿ ಎಷ್ಟು ದೊಡ್ಡ ಸಂಗತಿಯಾಯಿತು ಎಂಬುದನ್ನು ಮರೆಯಲಾಗದು. 1853ರ ಎನ್‌ಫೀಲ್ಡ್ ರೈಫಲ್ ಕೂಡ ಬಾಯಿಯಿಂದ ತುಂಬುವಂಥದೇ. ಅದರಲ್ಲಿ ಬಟ್ಟೆಯ ಜಾಗಕ್ಕೆ ಕಾಗದ ಬಂದಿತ್ತು; ಉದ್ದನೆಯ ಗುಂಡಿಗೆ ಸುತ್ತಿದ ತೋಟಾದ ಕಾಗದಕ್ಕೇ ಜಿಡ್ಡು ಸವರುತ್ತಿದ್ದರು. ಆ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಜಿಡ್ಡು ದನದ್ದೋ ಹಂದಿಯದ್ದೋ ಎಂಬ ಮಾತು 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಲ್ಲಿ ಹಬ್ಬಿತು. ಸಿಪಾಯಿಗಳು ತಮಗೆ ಬೇಕಾದ ಜಿಡ್ಡನ್ನು ತಾವೇ ಸವರಿಕೊಳ್ಳಬಹುದು ಎಂದು ಸರ್ಕಾರ ಬೇಗನೇ ಹೇಳಿತು, ಕಚ್ಚುವ ಬದಲು ಕೈಯಿಂದ ಹರಿಯಬಹುದು ಎಂದೂ ಆಯಿತು. ಅಷ್ಟರಲ್ಲಿ ನಂಬಿಕೆ ಮುರಿದಿತ್ತು, ಸಿಪಾಯಿಗಳು ದಂಗೆ ಎದ್ದರು. ದಂಗೆಯ ನಡುವೆ ಬಂದ ನಿರಾಯುಧೀಕರಣದ ಕಾಯ್ದೆಯನ್ನು ಒಪ್ಪದೆ ಹಲಗಲಿಯ ಬೇಡರು ಸಿಡಿದೆದ್ದದ್ದೂ ಅದೇ ವರ್ಷದ ಕೊನೆಯಲ್ಲಿ.

ಮತ್ತೆ ಬಟ್ಟೆಗೆ ಬರೋಣ. ಹೊಡೆದ ಮೇಲೆ ಗುಂಡು ಗುರಿಯತ್ತ ಹೋಗುತ್ತದೆ, ಬಿಲ್ಲೆ ಗಾಳಿಗೆ ಬಿಚ್ಚಿಕೊಂಡು ಹತ್ತಿಪ್ಪತ್ತು ಹೆಜ್ಜೆಯಾಚೆ ಬೀಳುತ್ತದೆ. ಅದನ್ನು ಹೆಕ್ಕಿ ತಂದು ನೋಡದವರು ಕೋವಿಯ ಅರ್ಧ ಮಾತನ್ನೂ ಕೇಳಿಸಿಕೊಂಡಿಲ್ಲ ಎಂದೇ ನಾನು ಹೇಳುತ್ತೇನೆ. ಸರಿಯಾದ ಬಿಲ್ಲೆ ಹೇಗಿರುತ್ತದೆ? ನಡುವೆ ಮದ್ದಿನ ಕಡೆಗಿದ್ದ ಭಾಗ ಕಪ್ಪಾಗಿರುತ್ತದೆ, ಆದರೆ ತೂತಿಲ್ಲ. ಅದರ ಸುತ್ತ ದಿಂಡು ತೋಡುಗಳ ಗುರುತು ಒಂದರ ಪಕ್ಕ ಒಂದು ಸಮನಾಗಿ ಮೂಡಿರುತ್ತದೆ. ಅಂಚು ತುಸು ಎಳೆ ಬಿಟ್ಟಿರಬಹುದು, ಚಿಂತೆಯಿಲ್ಲ. ಒಟ್ಟಿನಲ್ಲಿ ಇನ್ನೊಮ್ಮೆ ಬಳಸಬಹುದೇನೋ ಅನ್ನುವಷ್ಟು ಗಟ್ಟಿಯಾಗಿರಬೇಕು.

ನಡುವೆ ಸುಟ್ಟು ತೂತಾಗಿದ್ದರೆ ಜಿಡ್ಡು ಸಾಲದು, ಇಲ್ಲವೆ ಆ ಬಟ್ಟೆಗೆ ಮದ್ದು ಹೆಚ್ಚಾಯಿತು. ಗುಂಡು ಗೋಡೆಗೆ ಒತ್ತುವ ಉಂಗುರದ ಜಾಗದಲ್ಲಿ ಕಂದಿ ಚಿಂದಿಯಾಗಿದ್ದರೆ ಬಟ್ಟೆ ತೆಳು, ಅನಿಲ ನುಸುಳುತ್ತಿದೆ. ಕೊಯ್ದಂತೆ ನೇರ ಸೀಳುಗಳು ದಿಂಡುಗಳಷ್ಟೇ ಅಂತರದಲ್ಲಿದ್ದರೆ ತಪ್ಪು ಬಟ್ಟೆಯದಲ್ಲ, ನಳಿಗೆಯ ಬಾಯಂಚು ಅಥವಾ ಹೊಸ ದಿಂಡುಗಳು ಹರಿತವಾಗಿವೆ. ಹೊಡೆಯುವಾಗ ಹರಿಯಿತೋ ತುಂಬುವಾಗಲೇ ಹರಿಯಿತೋ ಎಂದು ತಿಳಿಯಲು ಮದ್ದಿಲ್ಲದ ಖಾಲಿ ನಳಿಗೆಗೆ ಗುಂಡನ್ನು ಬಟ್ಟೆಯೊಡನೆ ಒತ್ತಿ, ಗುಂಡು ತಳ್ಳುವ ಕೋಲಾದ ಗಜದ ತುದಿಗೆ ತಿರುಪು ಹಾಕಿ ಹೊರಗೆಳೆದು ನೋಡಬಹುದು. ಆಗಲೇ ಸೀಳಿದ್ದರೆ ಬಾಯಂಚನ್ನು ನುಣ್ಣನೆಯ ಎಮರಿ ಕಾಗದವಿಟ್ಟು ಹೆಬ್ಬೆರಳಿನಿಂದ ಸುತ್ತಲೂ ತಿರುಗಿಸಿ ತಿಕ್ಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬಟ್ಟೆ, ಜಿಡ್ಡು, ಮದ್ದು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದೇ ಇಲ್ಲ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಗುಂಡು ಮದ್ದಿನ ಮೇಲೆಯೇ ಕೂತಿರಬೇಕು. ಕಿಟ್ಟಕ್ಕೆ ಸಿಕ್ಕಿ ನಡುವೆ ನಿಂತು ಕೆಳಗೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಅದಕ್ಕೇ ಸರಿಯಾಗಿ ತುಂಬಿದಾಗ ಗಜ ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಒಂದು ಗೀರು ಹಾಕಿಕೊಂಡಿರಬೇಕು, ಪ್ರತಿ ಸಲವೂ ಆ ಗೀರನ್ನು ನೋಡಬೇಕು. ಎರಡನೆಯದು, ಹೊರಬಿದ್ದ ಬಿಲ್ಲೆಯಲ್ಲಿ ಕಿಡಿ ಉಳಿದಿರಬಹುದು. ಒಣ ಹುಲ್ಲಿರುವ ಕಡೆ ಅದನ್ನು ಕೂಡಲೇ ಹುಡುಕಿ ಆರಿಸಬೇಕು.

ಕೊಡಗು, ಮಲೆನಾಡುಗಳ ಕೇಪಿನ ಕೋವಿಯೂ ಬಾಯಿಯಿಂದ ತುಂಬುವಂಥದೇ, ಆದರೆ ಅದರ ನಳಿಗೆ ನುಣುಪು. ಮದ್ದಿನ ಮೇಲೆ ನಾರಿನ ಉಂಡೆ ಜಡಿದು ಚರೆ ಹಾಕುವ ಆ ಕೋವಿಗೆ ಬಟ್ಟೆಯ ಬಿಲ್ಲೆಯ ಅಗತ್ಯ ಬೀಳುವುದಿಲ್ಲ. ಒಂಟಿ ಗುಂಡು ಹಾಕುವಾಗ ಮಾತ್ರ ಬಟ್ಟೆ ಸುತ್ತಿದರೆ ಗುಂಡು ನಡುವಿನಲ್ಲಿ ನಿಲ್ಲುತ್ತದೆ. ತಿರುಗಿಸಲು ತೋಡು ಇಲ್ಲದ್ದರಿಂದ ರೈಫಲ್‌ನ ಗುರಿ ಅದಕ್ಕೆ ಬಾರದು. ಇಂಥ ಕೋವಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆ ಅನ್ವಯಿಸುತ್ತದೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಇರುವ ಪರವಾನಗಿಯ ವಿನಾಯಿತಿ ಬೇರೆಯವರಿಗಿಲ್ಲ. ರೈಫಲ್‌ನ ಬಟ್ಟೆ-ಗುಂಡಿನ ವಿದ್ಯೆ ಇಂದು ಹೆಚ್ಚಾಗಿ ಉಳಿದಿರುವುದು ಅಮೆರಿಕದಲ್ಲೇ. ಅಲ್ಲಿನ ನ್ಯಾಷನಲ್ ಮಝಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ 1933ರಲ್ಲಿ ಹುಟ್ಟಿ, ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಊರಿನಲ್ಲಿ ಪಂದ್ಯಗಳನ್ನು ನಡೆಸುತ್ತಾ ಬಂದಿದೆ.

ಜಿಡ್ಡು ಹಚ್ಚಿದ ಬಿಲ್ಲೆಗಳನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ ಇಡಬೇಕು. ಎಣ್ಣೆ ಕಮಟು ವಾಸನೆ ಬಂದರೆ, ಬೂಷ್ಟು ಕಂಡರೆ ಬಿಸಾಡಿ. ಬೂಷ್ಟು ಹಿಡಿದ ಹತ್ತಿ ಒಳಗೇ ಕೊಳೆತು ಬಲ ಕಳೆದುಕೊಂಡಿರುತ್ತದೆ. ಬಳಸುವ ಮುನ್ನ ಒಂದು ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ, ಸುಲಭವಾಗಿ ಹರಿದರೆ ಇಡೀ ಡಬ್ಬಿ ಬೇಡ. ಮುಚ್ಚಳದ ಮೇಲೆ ಬಟ್ಟೆಯ ದಪ್ಪ, ಜಿಡ್ಡಿನ ಪಾಲು, ಮಾಡಿದ ತಿಂಗಳು ಇವಿಷ್ಟನ್ನು ಬರೆದಿಡಿ.