ಕೈ ಹಿಡಿಯೋಕೆ ಕೊನೇ ಎಪಿಸೋಡ್‌ವರೆಗೂ ಕಾಯಬೇಕಾ? ಯೂರಿ ಮಾಂಗಾ, ಅಮೆರಿಕದ ಕಾರ್ಟೂನು ಮತ್ತು ‘ಇಷ್ಟ’ ಅನ್ನೋ ಪದ

ಇಯರ್‌ಫೋನ್ ಹಾಕ್ಕೊಂಡಿದ್ದೀರಿ ತಾನೆ? ಇವತ್ತಿನ ವಿಷಯದಲ್ಲಿ ಮುಚ್ಚಿಡೋ ಅಂಥದ್ದೇನೂ ಇಲ್ಲ. ಆದ್ರೆ ಮಧ್ಯದಲ್ಲಿ ಯಾರಾದ್ರೂ ಬಂದು ‘ಏನೇ ಅದು?’ ಅಂತ ಕೇಳಿದ್ರೆ, ವಿವರಿಸೋಕೆ ಅರ್ಧ ಗಂಟೆ ಹಿಡಿಯುತ್ತೆ. ಆ ಅರ್ಧ ಗಂಟೆಯ ವಿವರಣೆಯನ್ನ ನಿಮ್ಮ ಪರವಾಗಿ ನಾನೇ ಕೊಡ್ತೀನಿ.

ಹುಡುಗಿಯೊಬ್ಬಳು ಇನ್ನೊಬ್ಬ ಹುಡುಗಿಯನ್ನ ಪ್ರೀತಿಸೋ ಕತೆಗಳಿಗೆ ಜಪಾನಿನಲ್ಲಿ ಒಂದು ಹೆಸರಿದೆ: ಯೂರಿ. ಅಂದ್ರೆ ಲಿಲ್ಲಿ ಹೂವು. 1976ರಲ್ಲಿ ‘ಬಾರಾಝೊಕು’ ಅನ್ನೋ ಪತ್ರಿಕೆಯ ಸಂಪಾದಕ ಇತೋ ಬುಂಗಾಕು, ಹೆಣ್ಣನ್ನು ಪ್ರೀತಿಸೋ ಹೆಣ್ಣುಮಕ್ಕಳನ್ನ ‘ಯೂರಿಝೊಕು’, ಅಂದ್ರೆ ಲಿಲ್ಲಿ ಬಳಗ ಅಂತ ಕರೆದರು. ಅವರ ಪತ್ರಿಕೆ ಗಂಡಸರನ್ನ ಪ್ರೀತಿಸೋ ಗಂಡಸರಿಗಾಗಿ ಇದ್ದದ್ದು. ‘ಬಾರಾ’ ಅಂದ್ರೆ ಗುಲಾಬಿ. ಅವರಿಗೆ ಗುಲಾಬಿ, ಇವರಿಗೆ ಲಿಲ್ಲಿ. ಆ ಹೆಸರೇ ಇವತ್ತು ಒಂದು ಇಡೀ ಪ್ರಕಾರಕ್ಕೆ ಅಂಟಿಕೊಂಡಿದೆ. ಮಾಂಗಾ ಅಂದ್ರೆ ಜಪಾನಿ ಕಾಮಿಕ್ಸ್ ಅಂತ ಈ ಪಾಡ್‌ಕಾಸ್ಟ್ ಕೇಳೋರಿಗೆ ಹೊಸದಾಗಿ ಹೇಳಬೇಕಿಲ್ಲ. ಬಲದಿಂದ ಎಡಕ್ಕೆ ಓದಬೇಕು, ಅದೊಂದೇ ತಲೆನೋವು.

ಅದೂ ನಮ್ಮ ಕಡೆಯವರಿಗೆ ಅಷ್ಟು ಹೊಸದೇನಲ್ಲ ಬಿಡಿ. ನಾನು ಮೊಳಕಾಲ್ಮೂರು ತಾಲ್ಲೂಕಿನವಳು. ನಮ್ಮ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆಯಲ್ಲ, ಅದನ್ನ ಬರೆದವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತಾನು ಲಿಪಿಕಾರ ಅನ್ನೋ ಒಂದು ಪದವನ್ನ ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಹೋಗೋ ಲಿಪಿ. ಎರಡು ಸಾವಿರದ ಇನ್ನೂರು ವರ್ಷದ ಹಿಂದೇನೇ ನಮ್ಮ ಬಂಡೆ ಮೇಲೆ ಒಬ್ಬ ಉಲ್ಟಾ ಬರೆದು ಹೋಗಿದ್ದಾನೆ, ನಿಮಗೆ ಒಂದು ಮಾಂಗಾ ಓದೋಕೆ ಕಷ್ಟ ಆಗುತ್ತಾ?

ವಿಷಯಕ್ಕೆ ಬರ್ತೀನಿ. ಇದರ ಬೇರು ಕಾಮಿಕ್ಸ್‌ಗಿಂತ ಹಳೇದು. 1916ರಿಂದ 1924ರವರೆಗೆ ಯೋಶಿಯಾ ನೊಬುಕೊ ಅನ್ನೋ ಲೇಖಕಿ ‘ಹೂವಿನ ಕತೆಗಳು’ ಅನ್ನೋ ಸರಣಿ ಬರೆದರು. ಹೆಣ್ಣುಮಕ್ಕಳ ಶಾಲೆ, ಹಾಸ್ಟೆಲ್ಲು, ಒಬ್ಬಳಿಗೊಬ್ಬಳು ಬರೆಯೋ ಕಾಗದ, ಕಣ್ಣೀರು. ಆ ಕಾಲದ ಜಪಾನಿನಲ್ಲಿ ಇಂಥ ಸಂಬಂಧಕ್ಕೆ ‘ಎಸ್’ ಅಂತ ಹೆಸರು. ಸಿಸ್ಟರ್ ಅನ್ನೋದರ ಮೊದಲ ಅಕ್ಷರ. ಸೀನಿಯರ್ ಒಬ್ಬಳು ಅಕ್ಕ, ಜೂನಿಯರ್ ಒಬ್ಬಳು ತಂಗಿ. ದೊಡ್ಡವರು ಇದಕ್ಕೆ ಅಷ್ಟಾಗಿ ತಲೆ ಕೆಡಿಸಿಕೊಳ್ತಿರಲಿಲ್ಲ. ಯಾಕೆ ಗೊತ್ತಾ? ಶಾಲೆ ಮುಗಿಯುತ್ತೆ, ಮದುವೆ ಆಗುತ್ತೆ, ಅಲ್ಲಿಗೆ ಇದೂ ಮುಗಿಯುತ್ತೆ ಅನ್ನೋ ಲೆಕ್ಕಾಚಾರ.

ಈ ಲೆಕ್ಕಾಚಾರ ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಲೇಡೀಸ್ ಹಾಸ್ಟೆಲ್‌ನಲ್ಲಿ ಇದ್ದವರಿಗೆ ಇದು ಅರ್ಥ ಆಗುತ್ತೆ. ಒಂದೇ ತಟ್ಟೆ, ಒಂದೇ ಹಾಸಿಗೆ, ಜಡೆ ಹೆಣೆಯೋದು, ರಜೆಗೆ ಊರಿಗೆ ಹೋಗುವಾಗ ಬಸ್‌ಸ್ಟ್ಯಾಂಡ್‌ನಲ್ಲಿ ಅಳೋದು, ಯಾರೂ ಏನೂ ಅನ್ನಲ್ಲ. ‘ಜೀವದ ಗೆಳತೀರು’ ಅಂತಾರೆ. ಅದೇ ಇಬ್ಬರಲ್ಲಿ ಒಬ್ಬಳು ಇಪ್ಪತ್ತೆರಡು ವಯಸ್ಸಿಗೆ ‘ನಂಗೆ ಮದುವೆ ಬೇಡ’ ಅಂದ್ರೆ ಆಗ ಎಲ್ಲರ ಕಣ್ಣು ತೆರೆಯುತ್ತೆ. ‘ಮದುವೆ ಆದ್ಮೇಲೆ ಎಲ್ಲಾ ಸರಿ ಹೋಗುತ್ತೆ’ ಅನ್ನೋ ಮಾತು ಜಪಾನಿನಲ್ಲೂ ಇತ್ತು, ನಮ್ಮಲ್ಲಂತೂ ಇದ್ದೇ ಇದೆ.

ಯೋಶಿಯಾ ಮಾತ್ರ ಆ ಲೆಕ್ಕಾಚಾರಕ್ಕೆ ಬಗ್ಗಲಿಲ್ಲ. ಮೊನ್ಮಾ ಚಿಯೊ ಅನ್ನೋ ಸಂಗಾತಿ ಜೊತೆ ಕೊನೇವರೆಗೂ ಬಾಳಿದರು. ಕಾನೂನಿನಲ್ಲಿ ಮದುವೆ ಸಾಧ್ಯ ಇರಲಿಲ್ಲ. 1957ರಲ್ಲಿ ಚಿಯೊ ಅವರನ್ನ ದತ್ತು ತಗೊಂಡರು. ಸಂಗಾತಿಯನ್ನ ಮಗಳು ಅಂತ ದಾಖಲೆ ಮಾಡಿಸಬೇಕಾಯ್ತು, ಒಂದೇ ಕುಟುಂಬ ಅನ್ನಿಸಿಕೊಳ್ಳೋಕೆ.

ಕಾಮಿಕ್ಸ್‌ಗೆ ಬಂದರೆ, ಯಾಮಗಿಶಿ ರ್‍ಯೋಕೊ 1971ರಲ್ಲಿ ಬರೆದ ‘ಬಿಳಿ ಕೋಣೆಯ ಇಬ್ಬರು’ ಅನ್ನೋದನ್ನ ಮೊದಲ ಯೂರಿ ಮಾಂಗಾ ಅಂತ ಸಾಮಾನ್ಯವಾಗಿ ಹೇಳ್ತಾರೆ. ಫ್ರಾನ್ಸಿನ ಒಂದು ಬೋರ್ಡಿಂಗ್ ಶಾಲೆ, ಇಬ್ಬರು ಹುಡುಗಿಯರು. ಕೊನೆಗೆ ಒಬ್ಬಳು ಸಾಯ್ತಾಳೆ. ಆಮೇಲೆ ಎಷ್ಟೋ ವರ್ಷ ಇದೇ ದಾರಿ: ಒಬ್ಬಳು ಸಾಯಬೇಕು, ಇಲ್ಲ ಬಿಟ್ಟು ಹೋಗಬೇಕು. ಪ್ರೀತಿಸಿದ್ದಕ್ಕೆ ದಂಡ ಕಟ್ಟಿಸಿಕೊಂಡ ಹಾಗೆ.

1990ರ ದಶಕದಲ್ಲಿ ಗಾಳಿ ಬದಲಾಯ್ತು. ‘ಸೇಲರ್ ಮೂನ್’ನಲ್ಲಿ ಹರೂಕಾ, ಮಿಚಿರು ಅಂತ ಒಂದು ಜೋಡಿ ಬಂತು. ಯಾರೂ ಸಾಯದ ಹಾಗೆ, ಯಾರಿಗೂ ಕ್ಷಮೆ ಕೇಳದ ಹಾಗೆ, ಗತ್ತಿನ ಜೋಡಿ. 2000ದಲ್ಲಿ ಅದು ಅಮೆರಿಕಕ್ಕೆ ಡಬ್ ಆಗಿ ಹೋದಾಗ ಏನ್ ಮಾಡಿದ್ರು ಗೊತ್ತಾ? ಇಬ್ಬರೂ ಕಸಿನ್ಸ್ ಅಂತ ಮಾಡಿಬಿಟ್ಟರು! ಚಿತ್ರ ಅದೇ, ಕಣ್ಣಲ್ಲಿ ಕಣ್ಣಿಟ್ಟು ನೋಡೋದು ಅದೇ, ಮಾತು ಮಾತ್ರ ಬೇರೆ. ನೋಡಿದ ಮಕ್ಕಳಿಗೆ ಇನ್ನೂ ಗೊಂದಲ ಆಯ್ತೇ ಹೊರತು ಮುಚ್ಚಿಡೋ ಉದ್ದೇಶ ಈಡೇರಲಿಲ್ಲ. ಡಬ್ಬಿಂಗ್ ಬೇಕೋ ಬೇಡವೋ ಅಂತ ಕನ್ನಡದಲ್ಲಿ ನಾವು ವರ್ಷಗಟ್ಟಲೆ ಜಗಳ ಆಡಿದ್ದೀವಿ. ಡಬ್ಬಿಂಗ್ ಮಾಡುವಾಗ ಯಾರ ಸಂಬಂಧ ಬದಲಾಗುತ್ತೆ ಅನ್ನೋ ಪ್ರಶ್ನೆ ಮಾತ್ರ ಆ ಜಗಳದಲ್ಲಿ ನನ್ನ ಕಿವಿಗೆ ಬಿದ್ದಿಲ್ಲ.

1997ರ ‘ರೆವಲ್ಯೂಷನರಿ ಗರ್ಲ್ ಉತೆನಾ’ 39 ಕಂತುಗಳ ಅನಿಮೆ. ಅದರ ಬಗ್ಗೆ ಶುರು ಮಾಡಿದ್ರೆ ಇನ್ನೊಂದು ಎಪಿಸೋಡ್ ಬೇಕು, ಬಿಡ್ತೀನಿ. ಆದ್ರೆ ಅದರ ಗುರುತು ಅಮೆರಿಕದ ‘ಸ್ಟೀವನ್ ಯೂನಿವರ್ಸ್’ನಲ್ಲಿ ಎದ್ದು ಕಾಣುತ್ತೆ. ಹಾಗಾಗಿ ಜಪಾನಿನ ಯೂರಿ ಬೇರೆ, ಅಮೆರಿಕದ ಕಾರ್ಟೂನ್ ಬೇರೆ ಅಂತ ಎರಡು ಪಾರ್ಟಿ ಮಾಡ್ಕೊಂಡು ಕಿತ್ತಾಡೋ ಅಭಿಮಾನಿಗಳನ್ನ ನೋಡಿದ್ರೆ ನಂಗೆ ನಗು ಬರುತ್ತೆ. ಬೀಗರ ನಡುವಿನ ಜಗಳ ಅದು.

ಹಾಗಂತ ವ್ಯತ್ಯಾಸ ಇಲ್ವಾ? ಇದೆ. ಅಮೆರಿಕದ ಕಾರ್ಟೂನ್‌ಗಳಲ್ಲಿ ಪ್ರೀತಿ ಕೊನೇ ಎಪಿಸೋಡ್‌ಗೆ ಬರುತ್ತೆ. ‘ಲೆಜೆಂಡ್ ಆಫ್ ಕೋರಾ’ ಮುಗಿದದ್ದು 2014ರ ಡಿಸೆಂಬರ್ 19ಕ್ಕೆ. ಕೊನೇ ದೃಶ್ಯದಲ್ಲಿ ಕೋರಾ, ಅಸಾಮಿ ಕೈ ಕೈ ಹಿಡಿದು ಬೆಳಕಿನೊಳಗೆ ಹೋಗ್ತಾರೆ. ಅಷ್ಟೇ. ಅದರ ಅರ್ಥ ಏನು ಅಂತ ಅಭಿಮಾನಿಗಳು ಜಗಳ ಶುರು ಮಾಡಿ, ಕೆಲವೇ ದಿನದಲ್ಲಿ ಅದನ್ನ ಮಾಡಿದವರೇ ಬರೆದು ಹೇಳಬೇಕಾಯ್ತು: ಹೌದು, ಅವರಿಬ್ಬರದ್ದು ಪ್ರೀತಿನೇ. ‘ಅಡ್ವೆಂಚರ್ ಟೈಮ್’ ಎಂಟು ವರ್ಷ ಓಡಿತು. ಮಾರ್ಸಲೀನ್, ಬಬಲ್‌ಗಮ್ ರಾಜಕುಮಾರಿ ಮುತ್ತು ಕೊಟ್ಟುಕೊಂಡದ್ದು ಕಟ್ಟಕಡೆಯ ಕಂತಿನಲ್ಲಿ. ‘ಶೀರಾ’ದಲ್ಲಿ ಅಡೋರಾ, ಕಾಟ್ರಾ ಐದು ಸೀಸನ್ ಹೊಡೆದಾಡಿ, 2020ರ ಮೇ ತಿಂಗಳ ಕೊನೇ ಎಪಿಸೋಡ್‌ನಲ್ಲಿ ಬಾಯಿ ಬಿಟ್ಟರು. ಇದು ಕತೆಯ ಅಗತ್ಯ ಅಂತ ಕೆಲವರು ವಾದಿಸ್ತಾರೆ. ನಾನು ಒಪ್ಪಲ್ಲ. ಕೊನೇ ಎಪಿಸೋಡ್ ಆದ್ಮೇಲೆ ಶೋ ನಿಲ್ಲಿಸ್ತೀವಿ ಅಂತ ಯಾರೂ ಹೆದರಿಸೋಕೆ ಆಗಲ್ಲ, ಗುಟ್ಟು ಅದರಲ್ಲಿದೆ.

‘ಸ್ಟೀವನ್ ಯೂನಿವರ್ಸ್’ ಬೇರೆ ದಾರಿ ಹಿಡಿತು. ರೂಬಿ, ಸಫಾಯರ್ ಅನ್ನೋ ಇಬ್ಬರು ಸೇರಿ ಗಾರ್ನೆಟ್ ಅನ್ನೋ ಒಬ್ಬಳಾಗಿದ್ದಾರೆ ಅಂತ ಮೊದಲ ಸೀಸನ್ನಿನ ಕೊನೆಗೇ ಗೊತ್ತಾಗುತ್ತೆ. ಅವರ ಪ್ರೀತಿಯೇ ಒಂದು ಪಾತ್ರ! ದಿನಾ ಎದುರಿಗೆ ಓಡಾಡೋ ಪಾತ್ರವನ್ನ ಕತ್ತರಿಸೋದು ಹೇಗೆ? ರೆಬೆಕಾ ಶುಗರ್ ಅವರ ಜಾಣತನಕ್ಕೆ ಕೈ ಮುಗಿಬೇಕು. 2018ರ ಜುಲೈನಲ್ಲಿ ರೂಬಿ, ಸಫಾಯರ್ ಮದುವೆಯೂ ಆಯ್ತು, ಮಕ್ಕಳು ನೋಡೋ ಚಾನೆಲ್‌ನಲ್ಲೇ. ‘ದಿ ಔಲ್ ಹೌಸ್’ನ ಲೂಸ್, ಆಮಿಟಿ ಕೂಡ ಕತೆಯ ನಡುವೆಯೇ ಜೋಡಿ ಆಗ್ತಾರೆ, ಜಗಳ ಆಡ್ತಾರೆ, ನಾಚಿಕೊಳ್ತಾರೆ. ಆದ್ರೆ ಆ ಶೋದ ಮೂರನೇ ಸೀಸನ್ ಬರೀ ಮೂರು ವಿಶೇಷ ಕಂತಿಗೆ ಮುಗಿದು ಹೋಯ್ತು.

ಈ 2018 ಒಂದು ವಿಚಿತ್ರ ವರ್ಷ. ‘ಅಡ್ವೆಂಚರ್ ಟೈಮ್’ ಕೊನೇ ಕಂತು ಬಂದದ್ದು ಸೆಪ್ಟೆಂಬರ್ 3ಕ್ಕೆ. ನಮ್ಮ ಸುಪ್ರೀಂ ಕೋರ್ಟ್ 377ನೇ ಕಲಂ ಬಗ್ಗೆ ತೀರ್ಪು ಕೊಟ್ಟು, ವಯಸ್ಕರು ಒಪ್ಪಿ ಕೂಡೋದು ಅಪರಾಧ ಅಲ್ಲ ಅಂದದ್ದು ಸೆಪ್ಟೆಂಬರ್ 6ಕ್ಕೆ. ಮೂರೇ ದಿನ. ಅದಾಗಿ ಒಂದು ತಿಂಗಳಿಗೆ ‘ಬ್ಲೂಮ್ ಇಂಟು ಯು’ ಅನಿಮೆ ಶುರು. ಒಂದಕ್ಕೊಂದು ಸಂಬಂಧ ಇಲ್ಲ, ಗೊತ್ತು. ಆದ್ರೂ ಆ ದಿನಾಂಕಗಳನ್ನ ಒಟ್ಟಿಗೆ ನೋಡಿದ್ರೆ ಖುಷಿ ಆಗುತ್ತೆ.

ಈಗ ‘ಬ್ಲೂಮ್ ಇಂಟು ಯು’. ನಕತಾನಿ ನಿಯೊ 2015ರಿಂದ 2019ರವರೆಗೆ ಬರೆದ ಮಾಂಗಾ. ಯೂ ಅನ್ನೋ ಹುಡುಗಿಗೆ ಒಬ್ಬ ಹುಡುಗ ಪ್ರೀತಿ ಹೇಳಿಕೊಂಡಿದ್ದಾನೆ. ಅವಳಿಗೆ ಏನೂ ಅನ್ನಿಸ್ತಿಲ್ಲ. ಹಾಡಿನಲ್ಲಿ, ಕತೆಯಲ್ಲಿ ಹೇಳೋ ಆ ಪುಳಕ ಎಲ್ಲಿ ಅಂತ ಕಾಯ್ತಾ ಇದ್ದಾಳೆ. ಆಗ ತೋಕೊ ಅನ್ನೋ ಸೀನಿಯರ್ ಇವಳನ್ನ ಇಷ್ಟಪಡ್ತಾಳೆ. ಜೊತೆಗೆ ಒಂದು ವಿಚಿತ್ರ ಷರತ್ತು: ನೀನು ಮಾತ್ರ ನನ್ನನ್ನ ಪ್ರೀತಿಸಬೇಡ. ಯಾಕಂದ್ರೆ ತೋಕೊಗೆ ತನ್ನನ್ನ ಕಂಡ್ರೆ ತನಗೇ ಆಗಲ್ಲ.

ಇಡೀ ಕತೆ ನಿಂತಿರೋದು ‘ಸುಕಿ’ ಅನ್ನೋ ಜಪಾನಿ ಪದದ ಮೇಲೆ. ನಾನು ಓದಿದ್ದು ಇಂಗ್ಲಿಷ್ ಅನುವಾದ. ಇಂಗ್ಲಿಷ್‌ನಲ್ಲಿ ಅನುವಾದಕರು ಒದ್ದಾಡ್ತಾರೆ, ‘ಲೈಕ್’ ಅನ್ನಬೇಕೋ ‘ಲವ್’ ಅನ್ನಬೇಕೋ ಅಂತ. ಕನ್ನಡದಲ್ಲಿ ಒದ್ದಾಟವೇ ಇಲ್ಲ, ಅದು ‘ಇಷ್ಟ’! ನಂಗೆ ಹೋಳಿಗೆ ಇಷ್ಟ. ನಂಗೆ ಮಳೆ ಇಷ್ಟ. ನಂಗೆ ನೀನಂದ್ರೆ ಇಷ್ಟ. ಜಪಾನಿನವರೂ ಊಟಕ್ಕೂ ನಾಯಿಗೂ ಪ್ರೀತಿಸಿದವರಿಗೂ ‘ಸುಕಿ’ನೇ ಅನ್ನೋದು. ಆ ಪದದೊಳಗೆ ಅಡಗಿ ಕೂರಬಹುದು, ಬೇಕಾದಾಗ ಹೊರಗೆ ಬರಬಹುದು. ನಮ್ಮಲ್ಲಿ ‘ಲವ್’ ಅನ್ನೋ ಇಂಗ್ಲಿಷ್ ಪದವನ್ನ ಹುಡುಗ–ಹುಡುಗಿಗೆ ಮೀಸಲಿಟ್ಟಿದ್ದೀವಿ, ‘ಅವರಿಬ್ಬರದ್ದು ಲವ್ವಂತೆ’ ಅಂತ. ‘ಇಷ್ಟ’ ಇನ್ನೂ ಯಾರ ಸ್ವತ್ತೂ ಆಗಿಲ್ಲ.

ಇನ್ನೊಂದು ಪದ ಇದೆ, ‘ಅವರು’. ನಮ್ಮ ಅಜ್ಜಿಯಂದಿರು ಗಂಡನ ಹೆಸರು ಹೇಳದೆ ‘ಅವರು ಬಂದ್ರು’, ‘ಅವರು ಹೇಳಿದ್ರು’ ಅಂತಿದ್ದರಲ್ಲ. ಆ ‘ಅವರು’ ಗಂಡೋ ಹೆಣ್ಣೋ ವ್ಯಾಕರಣಕ್ಕೆ ಗೊತ್ತಾಗಲ್ಲ. ಈಗಿನ ಹುಡುಗಿಯರಲ್ಲಿ ಕೆಲವರು ಇದನ್ನ ಚೆನ್ನಾಗಿ ಬಳಸಿಕೊಂಡಿದ್ದಾರೆ. ‘ಯಾರ ಫೋನೇ?’ ‘ಅವರದ್ದು.’ ಮುಗೀತು.

ಯೂರಿಯನ್ನ ಕಣ್ಣುಮುಚ್ಚಿ ಹೊಗಳ್ತಿಲ್ಲ ನಾನು. ಬಹಳಷ್ಟು ಮಾಂಗಾಗಳು ಶಾಲೆಯ ಗೇಟಿನೊಳಗೇ ಮುಗಿದು ಹೋಗ್ತವೆ. ಗೇಟಿನ ಆಚೆ ಬಾಡಿಗೆ ಮನೆ ಕೊಡೋ ಓನರ್ ಇದ್ದಾನೆ, ಅಪ್ಪ ಅಮ್ಮ ಇದ್ದಾರೆ, ರೇಷನ್ ಕಾರ್ಡ್ ಇದೆ. ಕೆಲವು ಜನಪ್ರಿಯ ಸರಣಿಗಳಲ್ಲಿ ಒಪ್ಪಿಗೆ ಇಲ್ಲದೆ ಮೈಮೇಲೆ ಬೀಳೋದನ್ನೇ ರೋಮ್ಯಾನ್ಸ್ ಅಂತ ತೋರಿಸ್ತಾರೆ. ಹೀರೊ ಹಿಂದೆ ಬಿದ್ದು ಕಾಡಿಸೋದನ್ನ ನಮ್ಮ ಸಿನಿಮಾಗಳಲ್ಲಿ ಬೇಕಾದಷ್ಟು ನೋಡಿ ಸಾಕಾಗಿದೆ, ಅದನ್ನೇ ಹುಡುಗಿ ಮಾಡಿದ ತಕ್ಷಣ ಚಂದ ಆಗಲ್ಲ. ಇದಕ್ಕೆಲ್ಲ ಹೊರತಾದದ್ದು ನಾಗತಾ ಕಾಬಿ ಅವರ ಆತ್ಮಕತೆ, ‘ಮೈ ಲೆಸ್ಬಿಯನ್ ಎಕ್ಸ್‌ಪೀರಿಯೆನ್ಸ್ ವಿತ್ ಲೋನ್ಲಿನೆಸ್’. 2016ರ ಪುಸ್ತಕ, ದೊಡ್ಡವರಿಗಾಗಿ ಬರೆದದ್ದು. ಖಿನ್ನತೆ, ಊಟ ಬಿಡೋದು, ಅಮ್ಮನಿಂದ ಶಹಬ್ಬಾಸ್ ಅನ್ನಿಸಿಕೊಳ್ಳೋ ಆಸೆ. ಲಿಲ್ಲಿ ಹೂವು ಒಂದೂ ಇಲ್ಲ ಅದರಲ್ಲಿ.

ಜಪಾನ್ ಮುಂದೆ ಹೋಗಿದೆ ಅಂತಲೂ ತೀರಾ ಅಂದ್ಕೋಬೇಡಿ. 2023ರಲ್ಲಿ ಮುಗಿದ ಗಂಡಮ್ ಸರಣಿಯಲ್ಲಿ ಸುಲೆಟ್ಟಾ, ಮಿಯೊರಿನೆ ಕೊನೆಗೆ ಉಂಗುರ ಹಾಕ್ಕೊಂಡಿರೋದು ಕಾಣುತ್ತೆ. ಆಮೇಲೆ ಒಂದು ಪತ್ರಿಕೆಯ ಸಂದರ್ಶನದಲ್ಲಿ ಅವರ ‘ಮದುವೆ’ ಬಗ್ಗೆ ಬಂದ ಮಾತನ್ನ ಡಿಜಿಟಲ್ ಪ್ರತಿಯಲ್ಲಿ ತೆಗೆದುಹಾಕಿದ್ರು. ಕಂಪನಿ ‘ನೋಡುಗರ ಕಲ್ಪನೆಗೆ ಬಿಟ್ಟದ್ದು’ ಅನ್ನೋ ಧಾಟಿಯಲ್ಲಿ ಸಮಜಾಯಿಷಿ ಕೊಡ್ತು. ಅದೇ ವರ್ಷ ಅಕ್ಟೋಬರ್ 17ಕ್ಕೆ ನಮ್ಮ ಸುಪ್ರೀಂ ಕೋರ್ಟ್ ಕೂಡ ಒಂದೇ ಲಿಂಗದವರ ಮದುವೆಗೆ ಮಾನ್ಯತೆ ಕೊಡೋಕೆ ಆಗಲ್ಲ ಅಂದಿತು. ಅದಕ್ಕೂ ಮುಂಚೆ, 2022ರ ಮೇ 31ಕ್ಕೆ, ಮನೆಯವರು ಬೇರೆ ಮಾಡಿದ್ದ ಇಬ್ಬರು ವಯಸ್ಕ ಹುಡುಗಿಯರು ಒಟ್ಟಿಗೆ ಇರಬಹುದು ಅಂತ ಕೇರಳ ಹೈಕೋರ್ಟ್ ಹೇಳಿತ್ತು. ಮದುವೆಗೆ ಕಾನೂನಿಲ್ಲ, ಒಟ್ಟಿಗೆ ಬಾಳೋಕೆ ಅಡ್ಡಿ ಇಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಿ. ಮನೆಯಲ್ಲಿ ಬೇಕಂತಲೇ ಒಂದೇ ಅಂತ ಹೇಳಿ ಹೆದರಿಸ್ತಾರೆ.

ಕನ್ನಡದಲ್ಲಿ ಏನಿದೆ ಅಂತ ಕೇಳಬಹುದು. ನಮ್ಮ ಪಕ್ಕದ ಸಂಡೂರಿನ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಬರೆದರು. ಓದದೆ ಇದ್ದರೆ ಮೊದಲು ಓದಿ. ಆದ್ರೆ ಅದು ಗಂಡಸಿನ ಕತೆ. ಹುಡುಗಿಯರದ್ದು ಅಷ್ಟು ಜೋರಾಗಿ ಬಾಗಿಲು ತಟ್ಟಿದ್ದನ್ನ ನಾನಿನ್ನೂ ಕನ್ನಡದಲ್ಲಿ ಓದಿಲ್ಲ, ಅದಕ್ಕೇ ಜಪಾನಿಗೆ ಹೋಗ್ತೀನಿ. ಇನ್ನೂ ಒಂದು ಕಾರಣ ಇದೆ. ನಮ್ಮನೆಯಲ್ಲಿ ಮಗ್ಗದ ಪಕ್ಕ ಕೂತು ನಾನು ಫೋನ್ ನೋಡ್ತಿದ್ರೆ ಅಮ್ಮ ಒಮ್ಮೆ ಬಗ್ಗಿ ನೋಡಿ, ‘ಇಷ್ಟು ದೊಡ್ಡವಳಾಗಿ ಇನ್ನೂ ಬೊಂಬೆ ನೋಡ್ತೀಯಲ್ಲೇ’ ಅಂತ ಹೋಗ್ತಾಳೆ. ಅದೇ ಕತೆ ಸಿನಿಮಾ ಆಗಿದ್ದರೆ ಫೋನ್ ನನ್ನ ಕೈಯಲ್ಲಿ ಇರ್ತಿರಲಿಲ್ಲ. ಮನೆಗೆಲ್ಲ ಒಂದೇ ಫೋನ್ ಇರೋ ಊರಲ್ಲಿ ಬೊಂಬೆ ಅನ್ನೋದು ಸಣ್ಣ ಸೌಲಭ್ಯ ಏನಲ್ಲ.

ಎಲ್ಲಿಂದ ಶುರು ಮಾಡೋದು? ಕಾರ್ಟೂನ್ ಬೇಕಂದ್ರೆ ‘ಶೀರಾ’, 52 ಕಂತು, ಮೊದಲ ಸೀಸನ್ ಸ್ವಲ್ಪ ಚಿಕ್ಕ ಮಕ್ಕಳದ್ದು ಅನ್ನಿಸುತ್ತೆ, ತಡ್ಕೊಳ್ಳಿ. ಮಾಂಗಾ ಬೇಕಂದ್ರೆ ‘ಬ್ಲೂಮ್ ಇಂಟು ಯು’, ಎಂಟು ಸಂಪುಟ. ಅನಿಮೆ ನೋಡಿ ಬಿಟ್ಟುಬಿಡಬೇಡಿ, ಅದು 13 ಕಂತಿಗೆ ಕತೆಯ ಅರ್ಧದಲ್ಲೇ ನಿಲ್ಲುತ್ತೆ. ಎಂಟನೇ ಸಂಪುಟದಲ್ಲಿ ಶಾಲೆ ಮುಗಿದು ವರ್ಷಗಳಾಗಿವೆ, ಯೂ ಮತ್ತು ತೋಕೊ ಇನ್ನೂ ಒಟ್ಟಿಗೇ ಇದ್ದಾರೆ. ಯಾರೂ ಸತ್ತಿಲ್ಲ.