ರೇಷ್ಮೆಪತಂಗಗಳ ಘ್ರಾಣಶಕ್ತಿ: ಗಂಡು ಹೆಣ್ಣುಗಳ ಭೇದ

ಮೈಸೂರು ಸೀಮೆಯ ರೇಷ್ಮೆಯ ಚರಿತ್ರೆಯನ್ನು ಬೋಧಿಸುವ ನಾವು ಟಿಪ್ಪು ಸುಲ್ತಾನನಿಂದ ಆರಂಭಿಸುವುದು ವಾಡಿಕೆ. ಹುಳುವಿನ ಸ್ವಭಾವವನ್ನು ವಿಚಾರಿಸುವುದು ವಿರಳ. ಆದರೆ ಬಿತ್ತನೆ ಕೋಠಿಗಳ ಒಂದು ಮುಖ್ಯವಾದ ಕಟ್ಟಳೆಯು ಪತಂಗದ ಘ್ರಾಣಶಕ್ತಿಯನ್ನು ಅನುಸರಿಸಿಯೇ ಇದೆ.

ಶುದ್ಧ ಮೈಸೂರು ತಳಿಯ ಹೆಣ್ಣನ್ನು ದ್ವಿತಳಿಯ ಗಂಡಿನೊಡನೆ ಕೂಡಿಸಿ ಮಿಶ್ರತಳಿಯ ಮೊಟ್ಟೆಗಳನ್ನು ಪಡೆಯುವುದು ಕೋಠಿಯ ಕೆಲಸ. ಇದಕ್ಕಾಗಿ ಪತಂಗಗಳು ಹೊರಬರುವ ಮೊದಲೇ ಹೆಣ್ಣು ಗಂಡುಗಳನ್ನು ಬೇರ್ಪಡಿಸಬೇಕು. ಅಲಕ್ಷ್ಯ ಮಾಡಿದರೆ ಸ್ವತಳಿಯ ಗಂಡೇ ಹೆಣ್ಣನ್ನು ಹುಡುಕಿಕೊಂಡು ಬರುವುದು. ಮಿಶ್ರತಳಿಯೆಂದು ನಂಬಿ ಆ ಮೊಟ್ಟೆಯನ್ನು ಕೊಂಡ ರೈತನಿಗೆ ನಷ್ಟವಾಗುವುದು.

ಗಂಡು ಹುಡುಕುವುದಾದರೂ ಹೇಗೆ? ಅಮೆರಿಕದ ಕೆಲಾಗ್ ಎಂಬ ಪ್ರಾಣಿಶಾಸ್ತ್ರಜ್ಞರು 1907ರಲ್ಲಿ ಇದನ್ನು ಪರೀಕ್ಷಿಸಿದರು. ಕಣ್ಣಿಗೆ ಕಪ್ಪು ಬಳಿದ ಗಂಡು ಹೆಣ್ಣನ್ನು ಸೇರಿತು. ಕುಡಿಮೀಸೆಗಳನ್ನು ಕತ್ತರಿಸಿದ ಗಂಡು ಸೇರಲಿಲ್ಲ. ಹೆಣ್ಣಿನ ಉದರದ ತುದಿಯ ಗ್ರಂಥಿಗಳಿಂದ ಹೊರಡುವ ಗಂಧವೇ ಇದಕ್ಕೆ ಕಾರಣ. ಜರ್ಮನಿಯ ಬುಟೆನಾಂಟ್ ಅವರು ಸುಮಾರು 5 ಲಕ್ಷ ಹೆಣ್ಣು ಪತಂಗಗಳಿಂದ ಆ ದ್ರವ್ಯವನ್ನು ಪ್ರತ್ಯೇಕಿಸಿ 1959ರಲ್ಲಿ ಪ್ರಕಟಿಸಿದರು. ಅದರ ಹೆಸರು ಬಾಂಬಿಕಾಲ್. ಅಷ್ಟು ಜೀವಗಳಿಂದ ದೊರೆತದ್ದು ಕೆಲವೇ ಮಿಲಿಗ್ರಾಂ!

ಗಂಡಿನ ಒಂದೊಂದು ಕುಡಿಮೀಸೆಯಲ್ಲಿಯೂ ಈ ಗಂಧವನ್ನು ಗ್ರಹಿಸುವ ಸುಮಾರು 17,000 ಸೂಕ್ಷ್ಮ ರೋಮಗಳಿವೆ. ಬಾಂಬಿಕಾಲಿನ ಒಂದೇ ಅಣು ತಾಗಿದರೂ ಜ್ಞಾನಕೋಶವು ಪ್ರಚೋದಿತವಾಗಬಲ್ಲದು. ಗಂಡು ಹಾರಲಾರದು, ರೆಕ್ಕೆಗಳನ್ನು ಬಡಿದು ಗಾಳಿಯನ್ನು ಕುಡಿಮೀಸೆಗಳತ್ತ ಸೆಳೆದುಕೊಳ್ಳುತ್ತ ನಡೆದು ಸಾಗುತ್ತದೆ. 2004ರಲ್ಲಿ ಜಪಾನಿನ ಸಂಶೋಧಕರು ಈ ಗ್ರಹಣಕ್ಕೆ ಕಾರಣವಾದ ವಂಶವಾಹಿಯನ್ನು ಗುರುತಿಸಿದರು. ಅದು ಗಂಡಿನ ಕುಡಿಮೀಸೆಯಲ್ಲಿಯೇ ವಿಶೇಷವಾಗಿ ಕಾರ್ಯಪ್ರವೃತ್ತವಾಗಿರುತ್ತದೆ.

ಹೆಣ್ಣಿಗೋ ತನ್ನ ಗಂಧವೇ ತನಗೆ ತಿಳಿಯದು. ಹಾಗೆಂದು ಅದರ ಘ್ರಾಣವು ಮಂದವೆನ್ನುವುದು ತಪ್ಪು. ಅದೇ ಬಗೆಯ ರೋಮಗಳು ಅದರಲ್ಲಿಯೂ ಉಂಟು. ಗಂಡಿನ ರೋಮದೊಳಗಿನ ಎರಡು ಕೋಶಗಳು ಬಾಂಬಿಕಾಲ್, ಬಾಂಬಿಕ್ಯಾಲ್ ಎಂಬ ದ್ರವ್ಯಗಳಿಗೆ ಸ್ಪಂದಿಸಿದರೆ, ಹೆಣ್ಣಿನಲ್ಲಿ ಅವು ಲಿನಲೂಲ್ ಮತ್ತು ಬೆಂಜೋಯಿಕ್ ಆಮ್ಲಕ್ಕೆ ಸ್ಪಂದಿಸುತ್ತವೆ. ಲಿನಲೂಲ್ ಹಲವು ಸಸ್ಯಗಳು ಹೊರಸೂಸುವ ಗಂಧ. ಮೊಟ್ಟೆಯಿಡಲು ತಕ್ಕ ಗಿಡವನ್ನರಸುತ್ತಿದ್ದ ಕಾಡುಪೂರ್ವಜರಿಂದ ಬಂದ ಶಕ್ತಿ ಇದಾಗಿರಬಹುದೆಂದು ಊಹಿಸಬಹುದು. ಕೋಠಿಯ ಹೆಣ್ಣು ಹಿಪ್ಪುನೇರಳೆಯ ಎಲೆಯನ್ನು ಕಾಣದೆಯೇ ಕಾಗದದ ಹಾಳೆಯ ಮೇಲೆ ಮೊಟ್ಟೆಗಳನ್ನಿಡುತ್ತದೆ.